ಕಾಣದ ಹಲ್ಲು

ಒಂದು ಪುಟ್ಟ ಹಲ್ಲಿನ ಚಿತ್ರ ಕಾಣಲಿಲ್ಲ ಎನ್ನುವುದೇ ಅಂದಿನ ರಗಳೆಗೆಲ್ಲ ಮೂಲ.

ಹಲ್ಲಿನ ಡಾಕ್ಟರಿಗೆ ವೆಬ್‌ಸೈಟ್ ಕಟ್ಟಿಕೊಟ್ಟಿದ್ದವನು ಬೆಳಿಗ್ಗೆ ಒಂಬತ್ತಕ್ಕೇ ದವಡೆ ಹಿಡಿದುಕೊಂಡು ಕ್ಲಿನಿಕ್ಕಿಗೆ ಬಂದ. ಹಲ್ಲುನೋವಿನಿಂದ ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಡಾಕ್ಟರು ಆ ಸಂಜೆಯೇ ಬಾಗಿಲು ಹಾಕಿ ಹತ್ತು ದಿನ ಊರಿಗೆ ಹೊರಟಿದ್ದರು. ಇವತ್ತು ಬಿಟ್ಟರೆ ಹತ್ತು ದಿನ ಗತಿಯಿಲ್ಲ.

"ಮೊದಲು ನನ್ನ ಹಲ್ಲು, ಆಮೇಲೆ ನಿಮ್ಮ ಹಲ್ಲು" ಎಂದು ಡಾಕ್ಟರು ಕಂಪ್ಯೂಟರ್ ತೋರಿಸಿದರು. "ಎಲ್ಲರ ಸೈಟಲ್ಲೂ ಮೇಲ್ಗಡೆ ಪಟ್ಟೀಲಿ ಹೆಸರಿನ ಪಕ್ಕ ಒಂದು ಚಿಕ್ಕ ಚಿತ್ರ ಇರುತ್ತೆ. ನಮ್ದು ಬೋಳು. ಹಲ್ಲಿನ ಡಾಕ್ಟರ ಸೈಟಿಗೇ ಹಲ್ಲಿಲ್ಲ ಅಂದ್ರೆ ಹೇಗ್ರೀ?"

ಅವನು ತನ್ನ ಲ್ಯಾಪ್‌ಟಾಪ್ ತೆರೆದ. ಅಲ್ಲಿ ಹಲ್ಲು ಮುತ್ತಿನಂತೆ ಹೊಳೆಯುತ್ತಿತ್ತು.

"ನನಗೆ ಸರಿಯಾಗೇ ಕಾಣ್ತಿದೆ ಸಾರ್. ತೊಂದರೆ ನಿಮ್ಮ ಕಡೇದು. ಒಂದ್ಸಲ ಮುಚ್ಚಿ ತೆಗೀರಿ."

ಮುಚ್ಚಿದರು, ತೆಗೆದರು. ಹಲ್ಲಿನ ಸುಳಿವಿಲ್ಲ. ಬ್ರೌಸರ್ ಹಳೆಯದನ್ನೇ ನೆನಪಿಟ್ಟುಕೊಂಡಿರಬೇಕೆಂದು ಅವನು ಅದರ ನೆನಪನ್ನೆಲ್ಲ ಒರೆಸಿಹಾಕಿದ. ಅದರ ಜೊತೆಗೆ ಪಾಸ್‌ವರ್ಡ್‌ಗಳೂ ಹೋದವು.

"ಅಯ್ಯೋ ತಮ್ಮಾ, ಎಲ್ಲಾ ಹೋಯ್ತಲ್ಲೋ! ಇವತ್ತು ಯಾರ್ಯಾರು ಬರ್ತಾರೆ ಅಂತ ಹೇಗೆ ನೋಡ್ಲಿ?" ಎಂದು ರೋಗಿಗಳ ಹೆಸರು ಕೂಗುವ ಅಕ್ಕ ತಲೆ ಚಚ್ಚಿಕೊಂಡಳು.

ಗಲಾಟೆ ಕೇಳಿ ಪಕ್ಕದ ಔಷಧಿ ಅಂಗಡಿಯವನು ಓಡಿಬಂದ. "ಇದಕ್ಕೆ ಇಷ್ಟು ತಲೆ ಕೆಡಿಸ್ಕೋತೀರಾ? ಆಫ್ ಮಾಡಿ ಆನ್ ಮಾಡಿ" ಎಂದು ಯಾರಾದರೂ ಬೇಡವೆನ್ನುವ ಮೊದಲೇ ಪ್ಲಗ್ ಕಿತ್ತ. ಕಂಪ್ಯೂಟರ್ ಆರಲಿಲ್ಲ. ಒಳಗೆ ರೋಗಿಯ ಕುರ್ಚಿ ಅರ್ಧಕ್ಕೆ ನಿಂತಿತು, ಅದರಲ್ಲಿದ್ದ ಅಜ್ಜಿ ಕಾಲು ಮೇಲಾಗಿ, ಬಾಯಿ ತೆರೆದುಕೊಂಡು ಸೂರು ನೋಡುತ್ತ ಉಳಿದರು.

ಮಧ್ಯಾಹ್ನವಾಯಿತು. ಅವನು ಚಿತ್ರದ ಹೆಸರು ಬದಲಿಸಿದ, ಜಾಗ ಬದಲಿಸಿದ, ಮತ್ತೆ ಮತ್ತೆ ಹಾಕಿದ. ದವಡೆ ಕುಟ್ಟುತ್ತಿತ್ತು. ಬದುಕೇ ಸಾಕೆನಿಸಿತು.

"ನಾಳೆ ಹೊತ್ತಿಗೆ ತಾನಾಗೇ ಸರಿಹೋಗುತ್ತೆ ಸಾರ್" ಎಂದ ದೈನ್ಯದಿಂದ.

"ನಾಳೆ ನಾನಿರಲ್ಲ" ಎಂದರು ಡಾಕ್ಟರು.

ಐದು ಗಂಟೆಗೆ ಮೇಜು ಒರೆಸಲು ಬಂದ ಅಕ್ಕ ಎರಡೂ ಪರದೆಗಳನ್ನು ನೋಡಿದಳು. "ತಮ್ಮಾ, ನಿಂದು ಕಪ್ಪು, ನಮ್ದು ಬಿಳಿ. ಬಿಳೀ ಗೋಡೆ ಮೇಲೆ ಸುಣ್ಣದಲ್ಲಿ ಬರೆದ್ರೆ ಕಾಣುತ್ತೇನೋ?"

ಅವನು ಪೆಚ್ಚಾದ. ಕಣ್ಣುರಿಯೆಂದು ತನ್ನ ಪರದೆಯನ್ನು ಕಪ್ಪಾಗಿಸಿಕೊಂಡು ವರ್ಷವೇ ಆಗಿತ್ತು. ಡಾಕ್ಟರ ಬಿಳಿ ಹಲ್ಲು ಬಿಳಿ ಪಟ್ಟಿಯ ಮೇಲೆ ಬೆಳಗಿನಿಂದಲೂ ಇದ್ದಲ್ಲೇ ಇತ್ತು.

ಹಲ್ಲಿಗೆ ಹಳದಿ ಬಳಿದ. "ನನ್ನ ಕ್ಲಿನಿಕ್ಕಿಗೆ ಹಳದಿ ಹಲ್ಲಾ!" ಎಂದು ಡಾಕ್ಟರು ಹೌಹಾರಿದರು. ಕಪ್ಪು ಬಳಿದ. "ಹುಳುಕು ಹಲ್ಲು!" ಎಂದರು. ಕೊನೆಗೆ ಬಿಳಿ ಹಲ್ಲಿನ ಹಿಂದೆ ನೀಲಿ ಬಿಲ್ಲೆ ಇಟ್ಟ ಮೇಲೆ ಅವರ ಮುಖ ಅರಳಿತು.

ಅಂತೂ ಅವನು ಕುರ್ಚಿಯಲ್ಲಿ ಒರಗಿದ. ಡಾಕ್ಟರು ದೀಪ ಹಿಡಿದರು, ಕನ್ನಡಿ ತೂರಿಸಿದರು, ಎಕ್ಸ್‌ರೇ ತೆಗೆದು ತಿರುಗಿಸಿ ಮುರುಗಿಸಿ ನೋಡಿದರು.

"ಏನೂ ಕಾಣ್ತಿಲ್ಲವಲ್ರೀ."

"ನೋವಲ್ಲಿ ಸಾಯ್ತಿದೀನಿ ಸಾರ್!"

"ನನಗೆ ಎಲ್ಲಾ ಸರಿಯಾಗೇ ಕಾಣ್ತಿದೆ. ತೊಂದರೆ ನಿಮ್ಮ ಕಡೇದು. ಎಲ್ಲಿ, ಒಂದ್ಸಲ ಮುಚ್ಚಿ ತೆಗೀರಿ."

ಅವನು ಬಾಯಿ ಮುಚ್ಚಿದ, ತೆಗೆದ. ನೋವು ಇದ್ದಲ್ಲೇ ಇತ್ತು.

"ನಾಳೆ ಹೊತ್ತಿಗೆ ತಾನಾಗೇ ಸರಿಹೋಗುತ್ತೆ" ಎಂದು ಡಾಕ್ಟರು ದೀಪ ಆರಿಸಿ, ಊರಿನ ಚೀಲ ಹೆಗಲಿಗೇರಿಸಿದರು.