ಬೀಗ ಹಾಕಿದ ಮನೆಯಲ್ಲೊಬ್ಬರು ತಾಯ್ ಚಿ ಮಾಡಿದ್ದು

ನಮ್ಮ ಸೀಮೆ ಮೈಸೂರು ರಾಜ್ಯ ಸೇರಿದ ಮರುವರ್ಷ ನಮ್ಮ ರೈಲು ಜಂಕ್ಷನ್ನಿನ ಊರು ವಾಡಿಗೆ ಫ್ಲೂ ಜ್ವರ ಬಂತು. ಶಾಲೆ ಮುಚ್ಚಿತು. ನಮ್ಮ ಓಣಿಯಲ್ಲಿ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ಮಾಸ್ತರನಾದ ನನಗೆ ಮಾತ್ರ ಧೈರ್ಯವೋ ಧೈರ್ಯ! ಸಿಂಗಾಪುರದಲ್ಲಿ ಸಿಪಾಯಿಯಾಗಿದ್ದ ಸೋದರಮಾವ ನನಗೊಂದು ಚೀನಾದ ಕಸರತ್ತು ಕಲಿಸಿದ್ದರು. ಮಾಡಿದವರ ಹತ್ತಿರ ಜ್ವರ ಸುಳಿಯುವುದಿಲ್ಲವೆಂದು ಹೆಂಡತಿ ಶಾಂತಾಳಿಗೆ ಭಾಷಣ ಬಿಗಿದೆ.

“ಹೆಸರೇನ್ರಿ ಅದಕ್ಕ?”

“ತಾಯ್ ಚಿ.”

“ಇಂಥಾ ರೋಗದಾಗ ತಾಯೀಗಿ ಛೀ ಅಂತೀರೇನ್ರಿ!”

ಬಿಳಿ ಧೋತರ ಉಟ್ಟು ನಸುಕಿನಲ್ಲಿ ಮಾಳಿಗೆ ಹತ್ತಿದೆ. ಮೆಲ್ಲಗೆ ಕೈ ಎತ್ತುವುದು, ಇಳಿಸುವುದು, ಅಂಗೈಯಿಂದ ಗಾಳಿ ದೂಡುವುದು. ಹತ್ತು ದಿನ ಇದೇ ಕ್ರಮ. ಹನ್ನೊಂದನೆಯ ದಿನ ಇಂಜಿನ್ ಹೊಗೆ ಓಣಿಯಲ್ಲಿ ಮಂಜಿನಂತೆ ನಿಂತಿತ್ತು. ಎದುರು ಮನೆಯ ಕಿಟಕಿಯಲ್ಲಿ ಬಿಳಿ ಆಕೃತಿಯೊಂದು ಕೈ ಎತ್ತಿತು. ನಾನು ಇಳಿಸಿದೆ. ಅದೂ ಇಳಿಸಿತು.

ಆ ಮನೆಯವರು ಜ್ವರಕ್ಕೆ ಹೆದರಿ ಸೇಡಂಗೆ ಹೋಗಿ ಎರಡು ವಾರವಾಗಿತ್ತು!

“ಶಾಂತಾ, ಎದುರು ಮನ್ಯಾಗ ಯಾರರ ಅದಾರೇನು?”

“ಬೀಗ ಕಾಣಂಗಿಲ್ಲೇನ್ರಿ? ನಿಮಗ ಜ್ವರ ಬಂದದ, ಮಕ್ಕೋರಿ.”

ವಿಜ್ಞಾನ ಕಲಿಸುವವನು ಹೆದರಬಹುದೇ? ಮರುದಿನ ಪರೀಕ್ಷಾರ್ಥವಾಗಿ ಅಲುಗಾಡದೆ ನಿಂತೆ. ಆಕೃತಿಯೂ ನಿಂತಿತು. ಅಂದು ಓಣಿಯಲ್ಲಿ ಕೆಮ್ಮು ಕೂಡ ಕೇಳಿಸಲಿಲ್ಲ. ಆಮೇಲೆ, ನಾನು ಇನ್ನೂ ದೂಡದ ಗಾಳಿಯನ್ನು ಅದೇ ಮೊದಲು, ಎರಡೂ ಅಂಗೈ ಚಾಚಿ, ನನ್ನತ್ತ ಮೆಲ್ಲಗೆ ದೂಡಿತು.

ನಾನು ಬಿದ್ದೆ!

ಹಿಂದೆ ಸರಿದ ಕಾಲಿಗೆ ಮೆಟ್ಟಿಲು ಸಿಗದೆ ಕೆಳಗಿನವರೆಗೆ ಉರುಳಿದೆ. ಶಾಂತಾ ಓಡಿ ಬಂದಳು. ಅವಳ ಹಿಂದೆಯೇ ಬಿಳಿ ಚಾದರ ಹೊದ್ದ ಆಕೃತಿಯೂ ಬಂತು.

“ಮಾಸ್ತರ್ ಸಾಬ್, ಭಾಳ ಪೆಟ್ಟಾತೇನ್ರಿ?”

ನಾನು ಕಿರುಚಿ ಹೆಂಡತಿಯ ಸೆರಗಿನ ಹಿಂದೆ ಅಡಗಿದೆ. ನೋಡಿದರೆ ಎದುರು ಮನೆಯ ಅಜ್ಜಿ, ಖಾಜಾಬಿ!

“ನಾ ಊರು ಬಿಟ್ಟು ಬರಂಗಿಲ್ಲ ಅಂದೆ. ಮಗ ಕಳ್ಳರಿಗಂಜಿ ಮುಂದ ಬೀಗ ಹಾಕಿ, ಹಿಂದಿನ ಬಾಗಲಾ ಬಿಟ್ಟು ಹೋದ. ಮರುದಿನಾನೇ ಜ್ವರ ಬಂತು. ಒಬ್ಬಾಕಿನೇ ಬಿದ್ದಿದ್ದೆ. ಕಿಟಕ್ಯಾಗ ನೋಡಿದ್ರ ನೀವು ದಿನಾ ಕೈ ಎತ್ತಿ ‘ಏಳ್ರಿ, ಏಳ್ರಿ’ ಅನ್ನಾಕತ್ತಿದ್ರಿ. ನನ್ನ ಕೇಳೋರು ಒಬ್ಬರಾರ ಅದಾರಲ್ಲ ಅಂತ ಎದ್ದು ನಿಮ್ಮಂಗ ಕೈ ಎತ್ತಿದೆ.”

ಶಾಂತಾಳ ಕಣ್ಣು ತುಂಬಿತು. ಎಂಟು ಹೆಜ್ಜೆ ದೂರದ ಮನೆ, ನಮಗೆ ಗೊತ್ತೇ ಆಗಿರಲಿಲ್ಲ.

ಅಂದು ಸಂಜೆ ನನಗೇ ಜ್ವರ ಏರಿತು! ಮುಂದಿನ ದಿನಗಳಲ್ಲಿ ಖಾಜಾಬಿ ಹಗಲೆಲ್ಲ ಪಕ್ಕದಲ್ಲಿ ಕೂತು ನೋಡಿಕೊಂಡರು. ದಿನಾ ಬೆಳಿಗ್ಗೆ ನಮ್ಮ ಮಾಳಿಗೆಯ ಮೇಲೆ ಚೇತರಿಸಿಕೊಂಡ ಹೆಂಗಸರಿಗೆ ಕಸರತ್ತು ಕಲಿಸತೊಡಗಿದರು. ಯಾರು ಹೇಳಿಕೊಟ್ಟರು ಎಂದು ಕೇಳಿದರೆ ನನ್ನತ್ತ ಬೆರಳು ತೋರಿಸುತ್ತಿದ್ದರು.

ಕೇಳಿದವರು ನನ್ನ ಕಾಲಿನ ಪಟ್ಟಿ, ಕೈಯ ಗಂಜಿ ಬಟ್ಟಲು, ಸೋರುವ ಮೂಗು ಎಲ್ಲವನ್ನೂ ನೋಡಿ, “ಬ್ಯಾರೆ ಮಾಸ್ತರ ಇರಬೇಕು ಬಿಡ್ರಿ” ಎನ್ನುತ್ತಿದ್ದರು.