ಹತ್ತು ದಿನ ಪಂಚರ್ ಆಗದ ಸೈಕಲ್

"ಇವತ್ತಿನಿಂದ ಶಿವರಾತ್ರಿ ತನಕ ನಿನ್ನ ಸೈಕಲ್ಲಿನ ಎರಡೂ ಗಾಲಿ ನನ್ನ ಜವಾಬ್ದಾರಿ! ಒಂದ ಒಂದು ಪಂಚರ್ ಆತಂದ್ರ ಮೀಸಿ ಬೋಳಿಸ್ತೀನಿ!"

ಮಲಪನಗುಡಿಯ ಹೊನ್ನೂರಪ್ಪ ಹೀಗೆ ಘೋಷಿಸಿದಾಗ ಕೇಳಲು ಇದ್ದವಳು ಹೆಂಡತಿ ಉಚ್ಚೆಂಗಮ್ಮ ಒಬ್ಬಳೇ. ಅವಳೂ ರೊಟ್ಟಿ ತಟ್ಟುತ್ತಿದ್ದಳು.

"ಮೀಸಿ ಇರ್ಲಿ ಬಿಡ್ರಿ," ಅಂದಳು. "ಮಾರ್ಯಾಗ ನೆಟ್ಟಗ ಉಳಿದಿರೋದು ಅದೊಂದ."

ಹೊನ್ನೂರಪ್ಪನ ಆವೇಶಕ್ಕೆ ಕಾರಣವಿತ್ತು. ಉಚ್ಚೆಂಗಮ್ಮ ಹೊಸಪೇಟೆಯ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ಅಡುಗೆಯವಳು. ಬೆಳಿಗ್ಗೆ ಆರಕ್ಕೆ ಒಲೆ ಹತ್ತಬೇಕು, ಎಂಟಕ್ಕೆ ತೊಂಬತ್ತು ಹುಡುಗಿಯರ ತಟ್ಟೆಗೆ ಉಪ್ಪಿಟ್ಟು ಬೀಳಬೇಕು. ದೀಪಾವಳಿ ಕಳೆದ ವಾರ ಸೈಕಲ್ ಪಂಚರಾಗಿ ಅವಳು ಅಲ್ಲಿಗೆ ತಲುಪಿದಾಗ ಏಳಾಗಿತ್ತು. ವಾರ್ಡನ್ ಸಂಘಮಿತ್ರಾ ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು. ಮೆಲ್ಲಗೆ, "ಇದು ಒಂದನೇ ಸಲ, ಉಚ್ಚೆಂಗಮ್ಮ. ಮೂರನೇ ಸಲ ಆದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗ್ತದೆ" ಅಂದರು. ಹಾಸ್ಟೆಲ್ಲಿನ ಒಲೆ ಹತ್ತಿದರೆ ಮಾತ್ರ ಈ ಮನೆಯ ಒಲೆ ಹತ್ತುವ ಕಾಲ ಅದು. ಹೊನ್ನೂರಪ್ಪ ಕೆಲಸ ಕಳೆದುಕೊಂಡು ಎರಡು ವರ್ಷವಾಗಿತ್ತು.

ಕೆಲಸವೆಂದರೆ ಅಂತಿಂಥ ಕೆಲಸವೇ! ಸಂಡೂರಿನ ಗಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಡಂಪರ್ ಲಾರಿಗಳ ಟೈರು ನೋಡಿಕೊಂಡವನು ಅವನು. ಆಳೆತ್ತರದ ಟೈರುಗಳು, ಒಂದನ್ನು ಬಿಚ್ಚಲು ಕ್ರೇನು ಬೇಕು. ಗಣಿ ನಿಂತಿತು, ಡಂಪರ್‌ಗಳು ಎತ್ತಲೋ ಹೋದವು, ಹೊನ್ನೂರಪ್ಪ ಒಂದು ಗಾಳಿ ಅಳೆಯುವ ಗೇಜು ಮತ್ತು ಎರಡು ನೋಯುವ ಮೊಳಕಾಲು ಹೊತ್ತು ಮನೆಗೆ ಬಂದ. ಅಂದಿನಿಂದ ಕಟ್ಟೆಯ ಮೇಲೆ ಕೂತು ದಾರಿಯಲ್ಲಿ ಹೋಗುವ ಪ್ರತಿ ವಾಹನಕ್ಕೂ "ಹಿಂದಿನ ಟೈರು ಗಾಳಿ ಕಡಿಮಿ ಐತಿ ನೋಡಪಾ!" ಎಂದು ಕೂಗುತ್ತಿದ್ದ. ಯಾರೂ ನಿಲ್ಲಿಸುತ್ತಿರಲಿಲ್ಲ. ಹೆಂಡತಿ ನಸುಕಿನಲ್ಲಿ ದುಡಿಯಲು ಹೋಗುವಾಗ ಕಂಬಳಿಯೊಳಗೆ ಎಚ್ಚರವಾಗಿ ಮಲಗಿರುವುದು ಅವನಿಗೆ ಭಾರಿ ಸಂಕಟವಾಗಿತ್ತು. ಹೀಗಿರುವಾಗ ಸಿಕ್ಕಿತು ಸೈಕಲ್! ಡಂಪರ್ ಕಂಡವನಿಗೆ ಸೈಕಲ್ ಯಾವ ಲೆಕ್ಕ?

ಮಾರ್ಗಶಿರದ ಚಳಿ ಬಿತ್ತು. ಡ್ಯಾಮಿನ ಕಡೆಯಿಂದ ಮಂಜು ಬಂದು ಊರನ್ನೇ ಮುಚ್ಚಿತು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹೊನ್ನೂರಪ್ಪ ಟೈರು ಒತ್ತಿ ನೋಡಿದ. ಮೆತ್ತಗಿತ್ತು.

"ಚಳಿಗೆ ಗಾಳಿ ಮುದುಡ್ತದಲೇ! ಮನುಷ್ಯಾ ಮುದುಡಂಗಿಲ್ಲೇನು, ಹಂಗ!" ಎಂದು ಪಂಪು ಹಿಡಿದು ಕುಕ್ಕಿದ. ಟೈರು ಕಲ್ಲಾಗುವ ತನಕ ಕುಕ್ಕಿದ. ಡಂಪರಿನ ಗೇಜಿನಲ್ಲಿ ಮುಳ್ಳು ಅಲುಗಾಡಲೂ ಇಲ್ಲ, ಆದ್ದರಿಂದ ಇನ್ನೂ ನಾಲ್ಕು ಸಲ ಕುಕ್ಕಿದ.

"ಏನ್ರಿ ಇದು, ಹಲ್ಲು ಕಟಕಟ ಅನ್ನಾಕತ್ತಾವ," ಅಂದಳು ಉಚ್ಚೆಂಗಮ್ಮ, ಸೈಕಲ್ ಹತ್ತಿ ಓಣಿ ದಾಟುವ ಮೊದಲೇ.

"ಅದು ಚಳಿಗೆ!"

ಹೊಸಪೇಟೆಯ ಚಳಿಗಾಲದ ವಿಚಾರ ಹೊನ್ನೂರಪ್ಪ ಮರೆತಿದ್ದ. ಬೆಳಿಗ್ಗೆ ಕಂಬಳಿ, ಮಧ್ಯಾಹ್ನ ಬೀಸಣಿಗೆ. ಹನ್ನೆರಡರ ಹೊತ್ತಿಗೆ ಮಂಜು ಕರಗಿ ಸುಡುಬಿಸಿಲು ಬಿತ್ತು. ಹಾಸ್ಟೆಲ್ಲಿನ ಅಡುಗೆಮನೆ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮುಂದಿನ ಗಾಲಿ "ಢಂ!" ಅಂದಿತು. ಕುಕ್ಕರ್ ಸಿಡಿಯಿತೆಂದು ಹುಡುಗಿಯರು ತಟ್ಟೆ ಸಮೇತ ಅಂಗಳಕ್ಕೆ ಓಡಿದರು. ಸಂಘಮಿತ್ರಾ ಮೇಡಂ ಬರಿಗಾಲಲ್ಲಿ ಬಂದು ಗ್ಯಾಸ್ ಬಂದ್ ಮಾಡಿಸಿದರು. ಅರ್ಧ ಬೆಂದ ಅನ್ನ ಅರ್ಧಕ್ಕೇ ನಿಂತಿತು. ಕೊನೆಗೆ ಸಿಡಿದದ್ದು ಸೈಕಲ್ ಎಂದು ಗೊತ್ತಾದಾಗ ಮೇಡಂ ಉಚ್ಚೆಂಗಮ್ಮನನ್ನು ಒಮ್ಮೆ, ಸೈಕಲ್ಲನ್ನು ಒಮ್ಮೆ ನೋಡಿ ಒಳಗೆ ಹೋದರು.

"ತಡಾ ಅಂತೂ ಆಗ್ಲಿಲ್ಲಲ್ಲ!" ಎಂದು ಸಂಜೆ ಹೊನ್ನೂರಪ್ಪ ಸಮಾಧಾನ ಹೇಳಿದ. "ಗಾಳಿ ಒಂಚೂರು ಹೆಚ್ಚಾತು, ಅಷ್ಟ."

ಹುಲುಗೇಶನ ಪಂಚರ್ ಅಂಗಡಿಯಿಂದ ಹೊಸ ಟ್ಯೂಬು ಬಂತು. ಮೂರು ದಿನದ ನಂತರ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಮಲಪನಗುಡಿಯಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಕೊಲ್ಲಿಯಲ್ಲಿ ಕುಸಿದದ್ದು ಸಾಲದೆಂದು ಹೊನ್ನೂರಪ್ಪ ಟೈರಿನಲ್ಲೂ ವಾಯುಭಾರ ಕುಸಿಸಿದ.

"ಕೆಸರಿನ್ಯಾಗ ಗಾಳಿ ಇಳಿಸ್ಬೇಕು. ಆವಾಗ ಟೈರು ನೆಲಾನ ಹಿಡಕೊಳ್ತದ. ಮಳಿಗಾಲದಾಗ ನಾವು ಡಂಪರಿಗೆ ಹಂಗ ಮಾಡ್ತಿದ್ವಿ."

"ನಾ ಡಂಪರ್ ಅಲ್ರಿ."

"ನಿನಗೇನ ಗೊತ್ತೈತಿ, ಸುಮ್ನ ಹೋಗು!"

ಹೋದಳು. ಅರ್ಧ ದಾರಿಯಲ್ಲಿ ನೀರು ತುಂಬಿದ ಗುಂಡಿ. ಮೆತ್ತಗಿನ ಟೈರು ರಿಮ್ಮಿಗೆ ಬಡಿದು ಟ್ಯೂಬು ಎರಡು ಕಡೆ ತೂತಾಯಿತು. ಉಳಿದ ದಾರಿ ಸೈಕಲ್ ತಳ್ಳಿಕೊಂಡು ಮಳೆಯಲ್ಲಿ ನಡೆದು ತಲುಪಿದಾಗ ಆರೂ ನಲವತ್ತು.

ಸಂಜೆ ಅವಳು ಮೊಳಕಾಲ ತನಕ ಕೆಂಪು ಕೆಸರು ಮೆತ್ತಿಕೊಂಡು ಬಂದಳು. ಸೀರೆ ಹಿಂಡಿ ಹಾಕಿದಳು. ಉಂಡಳು. "ಎರಡಾತು," ಅಂದಳು ಅಷ್ಟೆ. ಬೈದಿದ್ದರೆ ಹೊನ್ನೂರಪ್ಪ ತಿರುಗಿ ಎರಡು ಮಾತಾಡುತ್ತಿದ್ದ. ಅವಳು ಬೈಯದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದು ಅವನ ಎದೆಗೆ ನಾಟಿತು. ಇನ್ನೊಂದು ಸಲ ತಡವಾದರೆ ಮುಗಿಯಿತು, ಅದಕ್ಕೆ ತಾನೇ ಕಾರಣ ಅನ್ನುವುದೂ ಖಾತ್ರಿ. ಅವನಿಗೆ ಭಯವಾಯಿತು. ಭಯವಾದಾಗ ಸುಮ್ಮನಿರಬೇಕಿತ್ತು, ಅವನು ಅಟ್ಟ ಹತ್ತಿದ.

ಅಟ್ಟದ ಮೇಲೆ ಗಣಿಯ ಕನ್ವೇಯರ್ ಬೆಲ್ಟಿನ ಒಂದು ತುಂಡಿತ್ತು. ಅದಿರು ಸಾಗಿಸುವ ಗಟ್ಟಿ ರಬ್ಬರು! ಎರಡು ದಿನ ಕೂತು, ಬೆರಳು ಕೊಯ್ದುಕೊಂಡು, ಅದನ್ನು ಪಟ್ಟಿಪಟ್ಟಿಯಾಗಿ ಸಿಗಿದು ಟೈರು ಮತ್ತು ಟ್ಯೂಬಿನ ನಡುವೆ ಸುತ್ತಿ ಕೂರಿಸಿದ.

"ಇನ್ನ ಮೊಳಿ ಅಲ್ಲ, ಗಡಾರಿ ಹೊಕ್ಕರೂ ಟ್ಯೂಬಿಗೆ ತಾಕಂಗಿಲ್ಲ! ಮಳಿ ಬರ್ಲಿ, ಬಿಸಿಲು ಬರ್ಲಿ, ಚಳಿ ಬರ್ಲಿ!"

ಉಚ್ಚೆಂಗಮ್ಮ ಸೈಕಲ್ ಎತ್ತಿ ಹೊಸ್ತಿಲು ದಾಟಿಸಲು ನೋಡಿದಳು. ಆಗಲಿಲ್ಲ. "ಇದು ಸೈಕಲ್ಲೋ ರುಬ್ಬೋ ಕಲ್ಲೋ?" ಅಂದಳು.

"ಭಾರ ಇದ್ರ ಬಾಳಿಕಿ!"

ಮೊಳಕಾಲು ನೋವಿನಿಂದ ಅವನು ಹತ್ತಿ ನೋಡುವಂತಿರಲಿಲ್ಲ. ಹಿಂದಿನ ಗಾಲಿ ಎತ್ತಿ ಕೈಯಿಂದ ತಿರುಗಿಸಿದ, ಅದು ತಿರುಗಿತು. ಪರೀಕ್ಷೆ ಮುಗಿಯಿತು.

ಆಮೇಲೆ ನಡೆದದ್ದು ಪವಾಡ! ಒಂದು ದಿನವಲ್ಲ, ಎರಡು ದಿನವಲ್ಲ, ಹತ್ತು ದಿನ ಪಂಚರ್ ಇಲ್ಲ. ಉಚ್ಚೆಂಗಮ್ಮ ಒಂದು ದಿನವೂ ತಡವಾಗಲಿಲ್ಲ. ಐದೂವರೆಗೆ ಹೊರಡುತ್ತಿದ್ದವಳು ಈಗ ನಾಲ್ಕೂವರೆಗೇ ಹೊರಡುತ್ತಿದ್ದಳು. ಸೈಕಲ್ ಮೇಲೆ ಅಷ್ಟು ಹುರುಪು ಬಂದಿದೆ ಎಂದುಕೊಂಡ ಹೊನ್ನೂರಪ್ಪ. ಸಂಜೆ ಗಾಲಿಗೆ ಕೆಸರು ಮೆತ್ತಿಕೊಂಡು ಸೈಕಲ್ ಬರುತ್ತಿತ್ತು. ಅವನು ನೀರು ಹಾಕಿ ತೊಳೆದು, ಹಳೇ ಪಂಚೆಯಿಂದ ಒರೆಸಿ, ಟೈರು ನೋಡಿ ಬೆರಗಾಗುತ್ತಿದ್ದ. ಕೂದಲೆಳೆಯಷ್ಟೂ ಸವೆದಿಲ್ಲ! ಎಂಟನೇ ದಿನ ಹುಲುಗೇಶನ ಅಂಗಡಿಗೇ ಹೋಗಿ ಎದೆ ಉಬ್ಬಿಸಿ ನಿಂತ.

"ಹುಲುಗೇಶಾ, ಇನ್ನ ನಿನ್ನ ಅಂಗಡಿ ಮುಚ್ಚು."

"ಹೌದ್ರಿ ಮಾವ," ಎಂದು ಹುಲುಗೇಶ್ ತಲೆ ತಗ್ಗಿಸಿ ಟ್ಯೂಬು ಉಜ್ಜತೊಡಗಿದ.

ಹನ್ನೊಂದನೇ ದಿನ ಮಂಜು, ಅದರ ಮೇಲೆ ತುಂತುರು. ಉಚ್ಚೆಂಗಮ್ಮ ಹೋಗಿ ಇಪ್ಪತ್ತು ನಿಮಿಷವಾದ ಮೇಲೆ ಹೊನ್ನೂರಪ್ಪ ದೀಪ ಹಾಕಿದ. ಕನ್ನಡಿಯ ಪಕ್ಕದ ಮೊಳೆಯಲ್ಲಿ ಕೀಲಿಕೈ ಗೊಂಚಲು ನೇತಾಡುತ್ತಿತ್ತು. ಹಾಸ್ಟೆಲ್ಲಿನ ಉಗ್ರಾಣದ ಕೀಲಿ! ಅದಿಲ್ಲದೆ ರವೆ ಇಲ್ಲ, ಎಣ್ಣೆ ಇಲ್ಲ, ಒಲೆ ಹತ್ತಿಸಿಯೂ ಉಪಯೋಗವಿಲ್ಲ. ಇದು ಮೂರನೇ ಸಲವಾಗುತ್ತದೆ. ಹೊನ್ನೂರಪ್ಪ ಚಪ್ಪಲಿ ಮರೆತು ಓಡಿದ.

ಊರ ಕೊನೆಯ ಮನೆ ಚೆನ್ನಬಸಮ್ಮನದು. ಅವಳು ಕೊಟ್ಟಿಗೆಯಲ್ಲಿ ಎಮ್ಮೆ ಹಿಂಡುತ್ತಿದ್ದಳು. ಎಮ್ಮೆಯ ಪಕ್ಕ, ಗೋಡೆಗೆ ಒರಗಿ, ಗೋಣಿಚೀಲ ಹೊದ್ದು ನಿಂತಿತ್ತು ಉಚ್ಚೆಂಗಮ್ಮನ ಸೈಕಲ್.

"ಚೆನ್ನಬಸಕ್ಕಾ! ಇದು ಇಲ್ಲ್ಯಾಕೈತಿ? ಆಕಿ ಎಲ್ಲಿ?"

"ನಡಕೊಂಡು ಹೋದ್ಲಪ್ಪ, ದಿನಾ ಹೋದಂಗ."

"ದಿನಾ?"

"ನೀ ಬೆಲ್ಟ್ ಹಾಕಿದ ಮರುದಿನ ಇಲ್ಲೀತನಕ ನೂಕ್ಕೊಂಡು ಬಂದು ಉಸ್ಸಪ್ಪಾ ಅಂತ ಕುಂತ್ಲು. ಅವತ್ತಿಂದ ಇಲ್ಲೇ ಬಿಟ್ಟು ನಾಕು ಕಿಲೋಮೀಟರ್ ನಡೀತಾಳ."

"ಮತ್ತ... ಗಾಲಿಗೆ ಕೆಸರು?"

ಚೆನ್ನಬಸಮ್ಮ ಹಾಲಿನ ಚೆಂಬು ಕೆಳಗಿಟ್ಟಳು. "ಸಂಜಿಗೆ ಬಂದು ಈ ಕೊಟ್ಟಿಗಿ ಕೆಸರನ್ನ ತಾನ ಬಳೀತಾಳ. ಯಾಕವ್ವಾ ಅಂತ ಕೇಳಿದ್ರ, 'ಆತಗ ತೊಳಿಯಾಕ ಏನಾರ ಬೇಕಲ್ಲಬೇ, ಹಗಲೆಲ್ಲಾ ಸುಮ್ನ ಕುಂತಿರ್ತಾನ' ಅಂತಾಳ."

ಡಂಪರ್ ಟೈರಿನ ಕೆಸರು ನೋಡಿ ಅದು ಗಣಿಯ ಯಾವ ಮೂಲೆಯಿಂದ ಬಂದದ್ದೆಂದು ಹೇಳುತ್ತಿದ್ದ ಮಹಾನುಭಾವ, ಹತ್ತು ದಿನ ಎಮ್ಮೆಯ ಗಂಜಳದ ಕೆಸರನ್ನು ಹೊಸಪೇಟೆ ರಸ್ತೆಯದೆಂದು ಭಕ್ತಿಯಿಂದ ತೊಳೆದಿದ್ದ! ಅತ್ತುಬಿಡಬೇಕು ಅನ್ನಿಸಿತು. ಆದರೆ ಅಳಲು ಹೊತ್ತಿರಲಿಲ್ಲ, ಐದು ಗಂಟೆಯಾಗುತ್ತಿತ್ತು. ಗೋಣಿಚೀಲ ಕಿತ್ತೆಸೆದು ಸೈಕಲ್ ಹತ್ತಿದ.

ಆಗ ತಿಳಿಯಿತು ತನ್ನ ಕೈಕೆಲಸ! ಬೆಲ್ಟಿನ ತುದಿಗಳು ಒಂದರ ಮೇಲೊಂದು ಕೂತಲ್ಲಿ ಗಾಲಿ ಒಂದೊಂದು ಸುತ್ತಿಗೂ "ದಡಕ್" ಅನ್ನುತ್ತಿತ್ತು. ದಡಕ್, ಸೊಂಟ. ದಡಕ್, ಹಲ್ಲು. ದಡಕ್, ಪೂರ್ವಜನ್ಮದ ನೆನಪು. ಪೆಡಲು ತುಳಿದರೆ ಮೊಳಕಾಲು ಕಿರುಚುತ್ತಿತ್ತು, ಬಿಟ್ಟರೆ ಸೈಕಲ್ ಅಲ್ಲೇ ನಿಲ್ಲುತ್ತಿತ್ತು. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಇಳಿದ, ನೂಕಿದ, ಏದುಸಿರು ಬಿಟ್ಟ. ಹಿಂದಿನಿಂದ ಸೇವಂತಿಗೆ ಬುಟ್ಟಿ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟ ಆಟೋ ಬಂತು. ಸೈಕಲ್ಲನ್ನು ಬೇವಿನ ಮರಕ್ಕೆ ಒರಗಿಸಿ, ಕೈ ಅಡ್ಡ ಹಿಡಿದು, ಹತ್ತಿಕೊಂಡ.

ಹೊಸಪೇಟೆ ಇನ್ನೂ ಅರ್ಧ ಮೈಲಿ ಇರುವಾಗ ಆಟೋದ ಬೆಳಕಿನಲ್ಲಿ ಉಚ್ಚೆಂಗಮ್ಮ ಕಂಡಳು. ತಲೆಯ ಮೇಲೆ ಪ್ಲಾಸ್ಟಿಕ್ ಚೀಲ ಹೊದ್ದು, ಸೀರೆ ನೆರಿಗೆ ಎತ್ತಿ ಹಿಡಿದು, ರಸ್ತೆಯ ಅಂಚಿಗೆ ಬಿರುಸಾಗಿ ನಡೆಯುತ್ತಿದ್ದಳು. ಹೊನ್ನೂರಪ್ಪ ಇಳಿದು ಕೀಲಿಕೈ ಚಾಚಿದ. ಅವಳು ಕೀಲಿ ನೋಡಿದಳು, ಆಮೇಲೆ ಅವನ ಬರಿಗಾಲು ನೋಡಿದಳು.

"ಎದರಾಗ ಬಂದ್ರಿ?"

"ಮೊದ್ಲು ನಿನ್ನ ಸೈಕಲ್ ಮ್ಯಾಲ. ಆಮ್ಯಾಲ ಆಟೋದಾಗ."

"ಮೊಳಕಾಲು ಭಾಳ ನೋವಾತೇನ್ರಿ?" ಅಂದಳು.

"ಬೈಯಿ ನನ್ನ," ಅಂದ ಹೊನ್ನೂರಪ್ಪ. "ಒಂದೆರಡು ಮಾತಾರ ಬೈಯಿ."

"ಬೈಯಾಕ ಈಗ ಟೈಮಿಲ್ಲ," ಎಂದು ಉಚ್ಚೆಂಗಮ್ಮ ಅವನ ಜಾಗದಲ್ಲಿ ಆಟೋ ಹತ್ತಿ ಕೂತಳು. ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಹೊನ್ನೂರಪ್ಪ ಮಳೆಯಲ್ಲಿ ಕುಂಟುತ್ತ ಹಿಂದಕ್ಕೆ ನಡೆದ. ಅವಳು ಹತ್ತು ದಿನ ನಡೆದ ದಾರಿ ಎಷ್ಟು ಉದ್ದವಿದೆ ಎಂದು ಹೆಜ್ಜೆ ಹೆಜ್ಜೆಗೂ ಗೊತ್ತಾಗುತ್ತಿತ್ತು. ಬೇವಿನ ಮರದ ಕೆಳಗೆ ಸೈಕಲ್ ಇನ್ನೂ ನಿಂತಿತ್ತು, ಅದನ್ನು ಯಾವ ಕಳ್ಳ ತಾನೇ ಒಯ್ದಾನು! ನೂಕಿಕೊಂಡು ಬಂದು ಹುಲುಗೇಶನ ಅಂಗಡಿ ಮುಂದೆ ನಿಲ್ಲಿಸಿದ. ಬಾಗಿಲು ಆಗಷ್ಟೇ ತೆರೆದಿತ್ತು.

"ಇದನ್ನ... ಒಂಚೂರು ನೋಡಪ್ಪ," ಅಂದ.

ಹುಲುಗೇಶ್ ಟೈರು ಬಿಚ್ಚಿ, ಬೆಲ್ಟಿನ ಪಟ್ಟಿಗಳನ್ನು ಎಳೆದು ಹೊರಗಿಟ್ಟ, ನಗಲಿಲ್ಲ. ಒಳಗೆ ಹೋಗಿ ಕಾಗದ ಸುತ್ತಿದ ಹೊಸ ಟೈರು ಜೋಡಿ ತಂದ.

"ಇವು ಯಾರವು?"

"ನಿಮ್ಮವ. ಅಕ್ಕ ಬಂದು ಆರಿಸಿ ಇಟ್ಟು ಹೋಗಿ ಹತ್ತು ದಿನ ಆತು."

"ಹತ್ತು ದಿನಾ? ಮತ್ತ ಯಾಕ ಹಾಕಿ ಕೊಡ್ಲಿಲ್ಲ?"

"'ನಿಮ್ಮ ಮಾವ ತಾನಾಗಿ ತಗೊಂಡು ಬಂದ ದಿನ ಹಾಕು, ನೀನಾಗಿ ಬಾಯಿ ಬಿಡಬ್ಯಾಡ' ಅಂದಿದ್ಲು. ಮೊನ್ನಿ ನೀವು ಬಂದಾಗ ಅದಕ್ಕ ಬಂದ್ರಿ ಅನಕೊಂಡಿದ್ದೆ. ನೀವು ಅಂಗಡಿ ಮುಚ್ಚು ಅಂದು ಹೋದ್ರಿ."

ಹೊನ್ನೂರಪ್ಪ ಬೆಂಚಿನ ಮೇಲೆ ಕೂತ. ಹುಲುಗೇಶ್ ಟೈರು ಕೂರಿಸಿ, ಪಂಪಿನ ಪೈಪು ಸಿಕ್ಕಿಸಿ ತಿರುಗಿದ. "ಈಗ ಚಳಿ ಐತಿ, ಮಳಿ ಐತಿ, ಮಧ್ಯಾಹ್ನ ಬಿಸಿಲೂ ಬರಬಹುದು. ಗಾಳಿ ಎಷ್ಟು ಹೊಡೀಲಿ, ಮಾವ?"

ಇಪ್ಪತ್ತೆರಡು ವರ್ಷ ಡಂಪರಿಗೆ ಗಾಳಿ ಹೊಡೆದವನು ಹೊರಗಿಟ್ಟಿದ್ದ ಬೆಲ್ಟಿನ ಪಟ್ಟಿಗಳನ್ನು ನೋಡಿದ.

"ನಿಮ್ಮಕ್ಕ ಎಷ್ಟು ಅಂತಾಳೋ," ಅಂದ, "ಅಷ್ಟ ಹೊಡಿಯಪ್ಪ."