ಮೂರು ಚುಕ್ಕೆ ಒಂದು ಗೀಟು: ಚಡ್ಡಿಯ ಗುರುತಿನ ಬಗ್ಗೆ ಮೆನೇಜರ್ ಸಾಹೇಬರಿಗೆ

ಮಸ್ಕಿ, ಫಸಲಿ ೧೩೪೮, ಬೇಸಿಗೆ

ಮಾನ್ಯ ಮೆನೇಜರ್ ಸಾಹೇಬರೇ,

ತಮ್ಮ ಹತ್ತಿ ಕಾರ್ಖಾನೆಯ ತೂಕದ ಗುಮಾಸ್ತನಾದ ನರಸಣ್ಣನು ಬೆಳಗಿನಿಂದ ನಿಂತುಕೊಂಡೇ, ಕಾಲುಗಳನ್ನು ತುಸು ಅಗಲಿಸಿಕೊಂಡು, ತಮಗೆ ಸಲ್ಲಿಸುವ ನಮಸ್ಕಾರಗಳು. ಬಗ್ಗಿ ಸಲಾಮು ಮಾಡುವುದು ಸದ್ಯಕ್ಕೆ ನನ್ನಿಂದಾಗದು. ಅದರ ಕಾರಣವನ್ನು ಅರಿಕೆ ಮಾಡಿಕೊಳ್ಳುವುದೇ ಈ ಪತ್ರದ ಉದ್ದೇಶ. ಇದನ್ನು ಲಕೋಟೆಯಲ್ಲಿ ಕಳುಹಿಸದೆ ಕಾರ್ಖಾನೆಯ ಬಾಗಿಲಿನ ಹಲಗೆಗೆ ಅಂಟಿಸಿದ್ದೇಕೆಂದರೆ, ನನ್ನ ಎರಡು ಲಕೋಟೆಗಳು ಈಗಾಗಲೇ ತಮ್ಮ ಮೇಜಿನ ಮೇಲೆ ಒಡೆಯದೆ ಬಿದ್ದಿವೆ. ಅಲ್ಲದೆ ಮುಚ್ಚಿಟ್ಟುಕೊಂಡದ್ದರಿಂದಲೇ ನಮ್ಮೆಲ್ಲರ ಸಂಕಟ ಇಷ್ಟು ಬೆಳೆಯಿತು.

ಮೊದಲಿಗೆ, ತಾವು ನಮಗೆ ಖಾಕಿ ಚಡ್ಡಿಗಳನ್ನು ಕರುಣಿಸಿದ್ದಕ್ಕೆ ಕೃತಜ್ಞತೆಗಳು. ಹುಟ್ಟಿದಂದಿನಿಂದ ಧೋತರದ ಗಾಳಿಯಲ್ಲಿ ಸಡಿಲವಾಗಿ ಬೆಳೆದ ನಮಗೆ ಶಿಸ್ತು ಕಲಿಸಲು ಅಷ್ಟು ಬಿಗಿಯಾದ ಗುರು ಬೇರೆ ಸಿಗುತ್ತಿರಲಿಲ್ಲ. ಹನ್ನೊಂದು ಜನರ ಚಡ್ಡಿಗಳೂ ಒಂದೇ ಅಳತೆಯವಾದ್ದರಿಂದ, ಅವು ಅದಲುಬದಲಾಗದಿರಲೆಂದು ಮಡಿವಾಳರ ಅಂಬಪ್ಪ ವಾಡಿಕೆಯಂತೆ ಒಗೆದರೂ ಹೋಗದ ಕೇರುಬೀಜದ ಕಪ್ಪು ರಸದಿಂದ ಒಬ್ಬೊಬ್ಬರಿಗೆ ಒಂದೊಂದು ಗುರುತನ್ನು ಹೊರ ಅಂಚಿನಲ್ಲಿ ಹಾಕಿದ. ನನ್ನದು ಮೂರು ಚುಕ್ಕೆ, ಒಂದು ಗೀಟು. ಆ ಕಪ್ಪು ಚುಕ್ಕೆಗಳು ಹೊರಗಿನಿಂದ ಬರುವ ದೊಡ್ಡವರ ಕಣ್ಣಿಗೆ ಅಸಹ್ಯವೆಂದು ಕಂಡುಕೊಂಡ ತಾವು, ಎರಡನೆಯ ಜೊತೆ ಚಡ್ಡಿಗಳಿಗೆ ಗುರುತನ್ನು ಒಳಮಗ್ಗುಲಲ್ಲಿ, ಎರಡು ಕಾಲು ಕೂಡುವ ಹೊಲಿಗೆಯ ಮೇಲೆ, ಯಾವ ದೊಡ್ಡವರೂ ಇಣುಕದ ಜಾಗದಲ್ಲಿ, "ಕಾರ್ಖಾನೆಯ ಯಾರನ್ನೂ ಬಿಡದೆ" ಹಾಕಬೇಕೆಂದು ಲಿಖಿತ ಹುಕುಂ ಹೊರಡಿಸಿದಿರಿ.

ಅಂಬಪ್ಪ ಆಗ ಕೈಮುಗಿದು ಹೇಳಿದ್ದನ್ನು ತಕ್ಕಡಿಯ ಬಳಿಯಿದ್ದ ನಾನು ಕೇಳಿದ್ದೇನೆ: "ಸಾಹೇಬ್ರ, ಕೇರು ಅಂದ್ರ ಬೆಂಕಿ ಐತ್ರಿ. ನಮ್ಮಪ್ಪ ಸೆರಗಿನ ತುದಿ ಬಿಟ್ಟು ಎಲ್ಲೂ ಹಚ್ಚಿದಾಂವ ಅಲ್ಲ. ಬೆವರು ಕೂಡಿದ್ರ ತೊಗಲು ಸುಲಿತೈತ್ರಿ, ಅದೂ ಎಂಥಾ ತೊಗಲು!" ಅದಕ್ಕೆ ತಾವು, "ಅರಿವಿ ಒಗಿಯೋದು ನಿನ್ನ ಕೆಲ್ಸ ಲೇ, ಹಕೀಮಕಿ ಅಲ್ಲ" ಎಂದು ಕಾರ್ಯ ವಿಭಜನೆಯನ್ನು ಎಷ್ಟು ಸ್ಪಷ್ಟವಾಗಿ ವಿವರಿಸಿದಿರೆಂದರೆ, ಅವನು ಹೋಗಿ ಹನ್ನೊಂದು ಚಡ್ಡಿಗಳಿಗೂ ಗುರುತು ಹಾಕಿದ.

ಮೂರನೆಯ ದಿನ ತುರಿಕೆ ಶುರುವಾಯಿತು. ನಾಲ್ಕನೆಯ ದಿನ ಉರಿ. ಐದನೆಯ ದಿನ ಗುಳ್ಳೆ. ಇದು ತನಗೊಬ್ಬನಿಗೇ ಬಂದದ್ದೆಂದು ಪ್ರತಿಯೊಬ್ಬನೂ ನಂಬಿ ಬಾಯಿ ಮುಚ್ಚಿಕೊಂಡ. ಹತ್ತಿ ಅಂಡಿಗೆಗಳ ಹಿಂದೆ ಹೋದವರು ಬೇಗ ಬರುತ್ತಿರಲಿಲ್ಲ. ಕೊಳೆಯಿಂದ ಬಂದದ್ದಿರಬೇಕೆಂದು ನಾನು ದಿನಕ್ಕೆ ಆರು ಸಲ ಬಟ್ಟೆ ಸೋಪಿನಿಂದ ಉಜ್ಜಿ ತೊಳೆದೆ. ಸಾಲದೆಂದು ನಿಂಬೆಹಣ್ಣು ಹಿಂಡಿದೆ. ಅದರ ಪರಿಣಾಮವನ್ನು ವರ್ಣಿಸುವಷ್ಟು ಕನ್ನಡ ನನಗೆ ಬರದು. ಯಂತ್ರ ನೋಡಿಕೊಳ್ಳುವ ರಾಜೇಸಾಬರು ಚಿಮಣಿ ಎಣ್ಣೆ ಹಚ್ಚಿಕೊಂಡು, ಬೀಡಿ ಸೇದುವವರನ್ನು ಕಂಡಲ್ಲೆಲ್ಲ ದೂರ ಓಡುತ್ತಿದ್ದರು.

ಇದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲಿ ಕಾದಿತ್ತು. ಮದುವೆಯಾಗಿ ಇನ್ನೂ ಏಳು ತಿಂಗಳಾಗದ ನನ್ನ ಹೆಂಡತಿ ಆದಮ್ಮ, ನಾನು ಬೇರೆ ಚಾಪೆ ಹಾಸಿಕೊಂಡದ್ದನ್ನೂ ಬಚ್ಚಲಿಗೆ ಹೋದವನು ತಾಸುಗಟ್ಟಲೆ ಹೊರಗೆ ಬಾರದ್ದನ್ನೂ ನೋಡಿ, "ಎಲ್ಲಿಂದ ತಂದೀರಿ ಈ ರೋಗ? ಕೊಟ್ಟಾಕೀಗೇ ಹೋಗಿ ತೋರಿಸ್ರಿ!" ಎಂದು ಗಂಟು ಕಟ್ಟಿಕೊಂಡು ಗುರುಗುಂಟಾದ ತವರಿಗೆ ಹೋಗಿದ್ದಾಳೆ. ಆ ಕೊಟ್ಟಾಕೆ ಯಾರೆಂಬುದು ನನಗಿನ್ನೂ ತಿಳಿದಿಲ್ಲ.

ಹತ್ತಿ ಗಾಡಿಗಳು ಬಾರದ ದಿನ ನೋಡಿ, ಸಿಂಧನೂರಿನ ಸೋದರತ್ತೆ ತೀರಿಕೊಂಡಳೆಂದು ತಮ್ಮಲ್ಲಿ ರಜೆ ಬೇಡಿ, ಸಿಂಧನೂರಿಗೆ ಬೆನ್ನು ಮಾಡಿ, ಲಿಂಗಸುಗೂರಿನಲ್ಲಿ ಗುರುತಿನವರಿದ್ದಾರೆಂದು ಅದನ್ನೂ ದಾಟಿ, ಮುದಗಲ್ಲಿನ ಹಕೀಮ ದಾದೇಸಾಬರ ಮನೆಗೆ ಹೋದೆ. ಅಲ್ಲಿ ರಾಜೇಸಾಬರಿದ್ದರು. ಅವರ ಹಿಂದೆ ನಮ್ಮ ಕಾರ್ಖಾನೆಯವರೇ ಇನ್ನೂ ಐದು ಜನ. ಅಗಲವಾದ ಕಟ್ಟೆಯಿದ್ದರೂ ಒಬ್ಬರೂ ಕುಳಿತಿರಲಿಲ್ಲ. "ನಿಮ್ಮ ಸೋದರತ್ತೀನೂ ಹೋದ್ಲೇನ್ರಿ?" ಎಂದು ರಾಜೇಸಾಬರು ಮೆಲ್ಲಗೆ ಕೇಳಿದರು. ಒಂದೇ ದಿನ ಒಂದೇ ಊರಿನಲ್ಲಿ ಏಳು ಸೋದರತ್ತೆಯರು ತೀರಿದ ಅರ್ಜಿಗಳಿಗೆ ಒಂದನ್ನೂ ಓದದೆ ರುಜು ಹಾಕಿದ ತಮ್ಮ ಕಾರ್ಯದಕ್ಷತೆಯನ್ನು ಈ ಸಂದರ್ಭದಲ್ಲಿ ಸ್ಮರಿಸುತ್ತೇನೆ.

ಹಕೀಮರು ಏಳು ಚಡ್ಡಿಗಳನ್ನೂ ಬಿಚ್ಚಿಸಿ, ಒಳಮಗ್ಗುಲು ತಿರುವಿ, ಒಮ್ಮೆ ಬಟ್ಟೆ ಒಮ್ಮೆ ಮೈ ನೋಡಿ, ಕನ್ನಡಕ ತೆಗೆದಿಟ್ಟು ನಕ್ಕರು. ನನ್ನ ಮೈಮೇಲೆ ಗುಳ್ಳೆಯಲ್ಲಿ ಮೂಡಿದ್ದು ಮೂರು ಚುಕ್ಕೆ, ಒಂದು ಗೀಟು. "ಅರೇ ಭಾಯಿ, ಇದು ಬಾಜಾರದ ರೋಗ ಅಲ್ಲ, ಅಗಸನ ಸಹಿ ಐತಿ! ಕೇರು ಸುಟ್ಟಿದ್ದು ಒಂದು ಪಾಲು, ನಿಮ್ಮ ಸೋಪು, ನಿಂಬಿಹಣ್ಣು, ಚಿಮಣಿ ಎಣ್ಣಿ ಸುಟ್ಟಿದ್ದು ಮೂರು ಪಾಲು. ಬರೇ ತಣ್ಣೀರಿಲೆ ಮೆತ್ತಗ ತೊಳೀರಿ, ಮಡಿಕಿ ಇದ್ದಲ್ಲಿ ಸರಿಸಿ ತೊಳೀರಿ, ಉಜ್ಜಬ್ಯಾಡ್ರಿ, ಕೆರೀಬ್ಯಾಡ್ರಿ. ಹಸಿ ಬಿಡದಂಗ ಒರಸ್ರಿ, ಕೊಬ್ಬರಿ ಎಣ್ಣಿ ಹಚ್ರಿ, ಧೋತ್ರ ಉಟ್ಟು ಗಾಳಿ ಆಡಾಕ ಬಿಡ್ರಿ. ಕಿವಿ ನೋವಾದ್ರ ನಾಚ್ಕೋತೀರೇನು? ಮತ್ತ ಇದಕ್ಯಾಕ?" ಎಂದರು. ಹೀಗೆ ಮಾಡಿದ ಉಳಿದವರು ವಾರದಲ್ಲಿ ಕುಳಿತುಕೊಳ್ಳತೊಡಗಿದರು. ನಿಂಬೆಹಣ್ಣಿನ ದೆಸೆಯಿಂದ ನಾನೊಬ್ಬನೇ ಹಿಂದುಳಿದಿದ್ದೇನೆ.

ಈ ವರ್ತಮಾನ ತಿಳಿದ ಕೂಡಲೇ ತಾವು, ವಿಷ ಹಚ್ಚಿದನೆಂದು ಅಂಬಪ್ಪನನ್ನು ಕೆಲಸದಿಂದ ತೆಗೆದು ನ್ಯಾಯ ಪಾಲಿಸಿದಿರಿ. ಹುಕುಂ ಬರೆದ ಲೇಖನಿಯನ್ನೂ ತೆಗೆದುಹಾಕಿದ್ದರೆ ನ್ಯಾಯ ಪೂರ್ಣವಾಗುತ್ತಿತ್ತು.

ನನ್ನ ಬೇಡಿಕೆಗಳು ಅಲ್ಪವಾದವು. ಅಂಬಪ್ಪನನ್ನು ಮರಳಿ ಕರೆಯಬೇಕು. ಗುರುತು ಕಂಪನಿಯ ಸ್ವತ್ತಾದ್ದರಿಂದ, ನನ್ನ ಮೈಮೇಲಿನದನ್ನು ಕಂಪನಿಯು ಬೇಗನೆ ವಾಪಸು ಪಡೆಯಬೇಕು. ಅದು ಸಾಧ್ಯವಿಲ್ಲದಿದ್ದರೆ ಒಂದು ಕಾಗದ ಬರೆದುಕೊಡಬೇಕು. ನನ್ನ ಅತ್ತೆ ಪಕೀರಮ್ಮನವರು, "ಕಾರ್ಖಾನಿಯವ್ರು ಬರದು ಕೊಟ್ರ ಮಗಳನ್ನ ಕಳಸ್ತೀನಿ, ನಿಮ್ಮ ಮಾತಿಗಲ್ಲ" ಎಂದು ಹೇಳಿಕಳುಹಿಸಿದ್ದಾರೆ. ಆದ್ದರಿಂದ "ಗುಮಾಸ್ತ ನರಸಣ್ಣನ ಮೈಮೇಲಿನ ಮೂರು ಚುಕ್ಕೆ ಒಂದು ಗೀಟು ಈ ಕಾರ್ಖಾನೆಯ ಅಧಿಕೃತ ಗುರುತು, ಬೇರೆ ಯಾವಾಕೆಯ ಕೊಡುಗೆಯೂ ಅಲ್ಲ" ಎಂದು ತಮ್ಮ ರುಜು, ಮೊಹರುಗಳೊಂದಿಗೆ ದಯಪಾಲಿಸಬೇಕು. ಬರೆಯಲು ಬಿಡುವಿಲ್ಲವಾದರೆ ತಾವೇ ಗುರುಗುಂಟಾಕ್ಕೆ ದಯಮಾಡಿಸಿ, ಅತ್ತೆಯವರ ಅಂಗಳದಲ್ಲಿ ನಿಂತು ಒಳಮಗ್ಗುಲ ಗುರುತಿನ ಆ ಹುಕುಮನ್ನು ಗಟ್ಟಿಯಾಗಿ ಓದಿದರೂ ನಡೆಯುತ್ತದೆ.

ಇನ್ನೂ ನಿಂತೇ ಇರುವ,
ತಮ್ಮ ವಿಶ್ವಾಸಿ
ನರಸಣ್ಣ
(ಗುರುತು: ಮೂರು ಚುಕ್ಕೆ, ಒಂದು ಗೀಟು)

ತಾ.ಕ.: ಹುಕುಮಿನಲ್ಲಿ "ಯಾರನ್ನೂ ಬಿಡದೆ" ಎಂದಿದ್ದುದರಿಂದ, ಅಂಬಪ್ಪ ಕೆಲಸ ಹೋಗುವ ಹಿಂದಿನ ದಿನ, ತಾವು ಮಾದರಿಗೆಂದು ಹೊಲಿಸಿಕೊಂಡ ಚಡ್ಡಿಗೂ ಒಂದು ನಕ್ಷತ್ರ ಬರೆದಿಟ್ಟಿದ್ದನಂತೆ. ನಿನ್ನೆಯಿಂದ ತಾವು ಕುರ್ಚಿ ಬಿಟ್ಟು ನಿಂತೇ ಕಡತ ನೋಡುತ್ತಿರುವುದನ್ನೂ, ನಾಳೆ ಸಿಂಧನೂರಿನಲ್ಲಿ ತೀರಿಕೊಳ್ಳಲಿರುವ ತಮ್ಮ ಸೋದರತ್ತೆಯ ಮಣ್ಣಿಗೆಂದು ಗಾಡಿ ಹೂಡಲು ಹೇಳಿರುವುದನ್ನೂ ಕೇಳಿ ದುಃಖವಾಯಿತು. ಮುದಗಲ್ಲಿನಲ್ಲಿ ದಾದೇಸಾಬರ ಮನೆ ಕೋಟೆ ಬಾಗಿಲು ದಾಟಿ ಎಡಕ್ಕೆ. ನಿಂಬೆಹಣ್ಣು ಬೇಡ. ಆದಮ್ಮನಿಗೆ ಕಾಗದ ಬರೆಯುವಾಗ, ಹೆಸರಿನ ಜಾಗ ಖಾಲಿ ಬಿಟ್ಟು ಇನ್ನೊಂದು ಪ್ರತಿಯನ್ನೂ ಬರೆದಿಟ್ಟುಕೊಳ್ಳಿ. ತಮ್ಮ ಮನೆಯವರೂ ಕೇಳಬಹುದು.